ಐದನೆಯ ಎಲೆ

ಕಳೆದ ಶನಿವಾರ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ನಾಲ್ಕು ಗೋಲಿನಿಂದ ಸೋತಿತು. ಸೋಲು ನಮಗೆ ಹೊಸದಲ್ಲ. ಅದಕ್ಕಾಗಿ ಈ ಅಂಕಣವನ್ನು ಖರ್ಚು ಮಾಡುತ್ತಿರಲಿಲ್ಲ. ಎರಡನೇ ಗೋಲು ಬಿದ್ದಾಗ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮಹನೀಯರು ಒಂದು ಮಾತು ಆಡಿದರು. ನಾಲ್ಕು ದಿನದಿಂದ ಅದು ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಎದುರಾಳಿ ದೊಮ್ಮಲೂರಿನ ಆಚೆಯ ಒಂದು ಕಾರ್ಖಾನೆಯ ತಂಡ. ಅವರ ಸೆಂಟರ್ ಹಾಫ್, ಅಂದರೆ ನಡು ಮೈದಾನದ ಯಜಮಾನ, ನಮ್ಮ ಹುಡುಗರ ಕಾಲಿಂದ ಚೆಂಡನ್ನು ಕೇಳಿ ಪಡೆದುಕೊಳ್ಳುವಷ್ಟು ಸಲೀಸಾಗಿ ಕಿತ್ತುಕೊಳ್ಳುತ್ತಿದ್ದ. ಓಡುತ್ತಲೂ ಇರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಿದ್ದ.

"ಎಲ್ಲಿಂದ ಹಿಡ್ಕೊಂಡು ಬಂದ್ರೋ ಇವನ್ನ," ಎಂದರು ನನ್ನ ಪಕ್ಕದವರು. "ನಮ್ಗೆ ಯಾಕ್ರೀ ಇಂಥೋರು ಸಿಗೋದಿಲ್ಲ?"

ಹೇಳಿದವರು ಯಾರು? ನಮ್ಮ ಕಾಲೇಜಿನ ಆಟಗಳ ಕಾರ್ಯದರ್ಶಿಗಳು. ಅವರೇ ಹಾಸ್ಟೆಲಿನ ವಾರ್ಡನ್ನರು ಕೂಡ. (ಕಾಲೇಜಿನ ಹೆಸರು ಬೇಡ, ಅವರ ಹೆಸರೂ ಬೇಡ. ದಂಡಿನಲ್ಲಿ, ಅಂದರೆ ಈ ಕಂಟೋನ್ಮೆಂಟಿನಲ್ಲಿ, ಎಲ್ಲರಿಗೂ ಗೊತ್ತು.) ಆ ಸೆಂಟರ್ ಹಾಫ್ ಯಾರು? ಮೂರು ತಿಂಗಳ ಹಿಂದೆ ಇದೇ ಕಾರ್ಯದರ್ಶಿಗಳ ಕಿಟಕಿಯ ಎದುರಿಗೆ, ನಮ್ಮದೇ ಅಂಗಳದಲ್ಲಿ, ಮೂರು ವಾರ ದಿನಾ ಆಡಿದವನು. ಇವರಿಗೆ ಅವನ ಮುಖವೇ ಗುರುತು ಸಿಗಲಿಲ್ಲ!

ಗುರುತು ಸಿಗಲು ಮೊದಲು ಮುಖ ನೋಡಿರಬೇಕಲ್ಲ.

ಈ ಪುಟವನ್ನು ಬಹಳ ದಿನದಿಂದ ಓದುವವರಿಗೆ ಗೊತ್ತಿರುವಂತೆ, ನಾನು ಹಲಸೂರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಒಂದಾನೊಂದು ಕಾಲದಲ್ಲಿ ಆ ಕಾಲೇಜಿನ ತಂಡದಲ್ಲಿ ಗೋಲಿನ ಮುಂದೆ ತಡೆದು ನಿಲ್ಲುವ ಬ್ಯಾಕ್. ಮೊಣಕಾಲು ಕೆಟ್ಟ ಮೇಲೆ ಆಟ ಬಿಟ್ಟೆ, ಚಟ ಬಿಡಲಿಲ್ಲ. ಹಳೆಯ ಆಟಗಾರ ಎಂಬ ಗೌರವಕ್ಕೆ ನನ್ನನ್ನು ತಂಡದ ಆಯ್ಕೆ ಸಮಿತಿಯಲ್ಲಿ ಇಟ್ಟುಕೊಂಡಿದ್ದಾರೆ. ಸಮಿತಿ ಎಂದರೆ ಕಾರ್ಯದರ್ಶಿಗಳು ಮಾತಾಡುವುದು, ಉಳಿದವರು ತಲೆಯಾಡಿಸುವುದು.

ಹೋದ ವರ್ಷ ನಮ್ಮ ತಂಡ ಬಿ ಡಿವಿಷನ್ ಗೆದ್ದು ಎ ಡಿವಿಷನ್ನಿಗೆ ಏರಿತು. ಪ್ರಿನ್ಸಿಪಾಲರು ಭಾಷಣ ಮಾಡಿದರು, ಫೋಟೋ ತೆಗೆಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ ಇರಬೇಕು. ಆಮೇಲೆ ಗೊತ್ತಾಯಿತು ಏರಿದ್ದೆಲ್ಲಿಗೆ ಎಂದು. ಬಿ ಡಿವಿಷನ್ನಿನಲ್ಲಿ ನಮ್ಮ ಎದುರಾಳಿಗಳು ಯಾರು? ನಮ್ಮಂಥದೇ ಹುಡುಗರ ತಂಡಗಳು, ಬೀದಿಯ ಕ್ಲಬ್ಬುಗಳು. ಎ ಡಿವಿಷನ್ನಿನಲ್ಲಿ ಪಲ್ಟನ್ನಿನ ಸಿಪಾಯಿಗಳು, ಗಿರಣಿಯವರು, ಕಾರ್ಖಾನೆಯವರು. ಬೂಟು ಹಾಕಿದ, ಮೀಸೆ ಬಂದ ಗಂಡಸರು. ಲೀಗು ಶುರುವಾಗುವ ಮುಂಚೆ ಒಂದು ಪಲ್ಟನ್ನಿನ ಜೊತೆ ಸುಮ್ಮನೆ ಒಂದು ಸ್ನೇಹದ ಮ್ಯಾಚು ಆಡಿದೆವು. ಏಳು ಗೋಲು ತಿಂದೆವು. ಸ್ನೇಹ ಅಷ್ಟಿತ್ತು.

ಸಮಿತಿ ಕೂತಿತು. ಆಟಗಾರರು ಸಿಗುವುದಿಲ್ಲ ಎಂದು ಕಾರ್ಯದರ್ಶಿಗಳು ಒಂದು ಗಂಟೆ ಗೋಳಾಡಿದರು. ಕಾರ್ಖಾನೆಯವರು ಒಳ್ಳೆಯ ಆಟಗಾರನಿಗೆ ಕೆಲಸವನ್ನೇ ಕೊಟ್ಟು ಎಳೆದುಕೊಳ್ಳುತ್ತಾರಂತೆ. ನಮ್ಮ ಹುಡುಗರ ಅಪ್ಪಂದಿರು ಪರೀಕ್ಷೆ ಬಂತು ಆಟ ಬಿಡು ಎಂದು ಕಾಗದ ಬರೆಯುತ್ತಾರಂತೆ. ರೇಷನ್ ಅಕ್ಕಿಯ ಊಟದಲ್ಲಿ ಮೈ ಬೆಳೆಯುವುದಿಲ್ಲವಂತೆ. ಎಲ್ಲವೂ ನಿಜವೇ. ನಾನು ಕೇಳಿದ್ದು ಒಂದೇ: ಕಾಲೇಜಿಗೆ ಸೇರಬಲ್ಲವನೂ ಆಗಿರಬೇಕು, ಆ ಗಂಡಸರ ನಡುವೆ ನಿಲ್ಲಬಲ್ಲವನೂ ಆಗಿರಬೇಕು, ಅಂಥವನು ನನಗೆ ಗೊತ್ತು, ಕರೆತಂದರೆ ಸೀಟು ಕೊಡುತ್ತೀರಾ?

ಫೀಸಿಲ್ಲದ ಫ್ರೀಶಿಪ್ಪೇ ಕೊಡೋಣ, ಮೊದಲು ಕರೆತನ್ನಿ ಎಂದರು ಕಾರ್ಯದರ್ಶಿಗಳು. ಯಾವ ಜನ ಎಂದು ಆವತ್ತು ಕೇಳಲಿಲ್ಲ. ಏಳು ಗೋಲು ತಿಂದ ವಾರ ಯಾರೂ ಕೇಳುವುದಿಲ್ಲ.

ಅವನ ಹೆಸರು ಮುನಿಸ್ವಾಮಿ. ಮರ್ಫಿ ಟೌನಿನವನು, ನನ್ನದೇ ಸ್ಕೂಲಿನಲ್ಲಿ ಓದಿದವನು. ಆದಿಕರ್ನಾಟಕದವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಅಪ್ಪ ಇಪ್ಪತ್ತು ವರ್ಷ ದಂಡಿನ ಬಿಳಿ ಆಫೀಸರುಗಳ ಮೆಸ್ಸಿನಲ್ಲಿ ಅಡುಗೆ ಮಾಡಿ ತೀರಿಕೊಂಡ. ತಾಯಿ ತಾಯಮ್ಮ ಒಂದು ಆಸ್ಪತ್ರೆಯಲ್ಲಿ ಆಯಾ. ಆ ಬೀದಿಯಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದ ಮೊದಲನೆಯವನು ಇವನು. ಪಾಸಾಗಿ ಒಂದು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿದ್ದ. ಸಂಜೆ ಮಾತ್ರ ಬರಿಗಾಲಲ್ಲಿ ಫುಟ್‌ಬಾಲ್. ಆ ಆಟ ನೋಡಲು ತಮಿಳಿನವರು, ಸಾಬರು, ನಮ್ಮವರು ಎಲ್ಲ ಸೇರಿ ಮೂರು ಭಾಷೆಯಲ್ಲಿ ಕೂಗುತ್ತಿದ್ದರು.

ನಾನು ಅವರ ಮನೆಗೆ ಹೋದ ದಿನವೇ ಕಾರ್ಖಾನೆಯವರೂ ಬಂದು ಹೋಗಿದ್ದರು. ಕೆಲಸ, ಬೂಟು, ಕ್ಯಾಂಟೀನ್ ಊಟ ಎಲ್ಲ ಹೇಳಿ ಹೋಗಿದ್ದರು. ನನ್ನ ಚೀಲದಲ್ಲಿ ಇದ್ದದ್ದು ಒಂದೇ, ಇಂಟರ್‌ಮೀಡಿಯೆಟ್ ಸೀಟು. ಮುನಿಸ್ವಾಮಿ ಹೊಸಲಿನ ಮೇಲೆ ಕೂತ. ಆಮೇಲೆ ಕೇಳಿದ:

"ಇಂಟರ್ ಮುಗಿಸಿದ್ರೆ ನಾನೂ ನಿಮ್ ಥರ ಮೇಷ್ಟ್ರಾಗ್ಬಹುದಾ, ಮೇಷ್ಟ್ರೇ?"

ಆಗಬಹುದು ಎಂದೆ. ಅದೇ ನಮ್ಮ ಸ್ಕೂಲಿನಲ್ಲೇ ಆಗಬಹುದು ಎಂದೆ. ಹುಡುಗನ ಮುಖ ಅರಳಿತು. ತಾಯಮ್ಮನ ಮುಖ ಮಾತ್ರ ಅರಳಲಿಲ್ಲ. ಅವಳನ್ನು ಒಪ್ಪಿಸಬೇಕಲ್ಲ ಎಂದು ನಾನು ಶುರು ಹಚ್ಚಿದೆ. ನಮ್ಮ ತಂಡದ ಶಿಸ್ತು, ಒಗ್ಗಟ್ಟು ಎಂದೆಲ್ಲ ಬಣ್ಣಿಸಿದೆ. ಅದೇ ಉತ್ಸಾಹದಲ್ಲಿ ನಮ್ಮ ಪಂಕ್ತಿಯ ವಿಷಯವನ್ನೂ ಹೇಳಿಬಿಟ್ಟೆ.

ಪಂಕ್ತಿ ಎಂದರೆ ಇದು. ಮ್ಯಾಚಿನ ದಿನ ಹನ್ನೊಂದು ಗಂಟೆಗೆ ತಂಡದವರೆಲ್ಲ ಹಾಸ್ಟೆಲಿನ ಊಟದ ಮನೆಯಲ್ಲಿ ಒಂದೇ ಸಾಲಿಗೆ ಕೂರುತ್ತಾರೆ. ಮೈದಾನದಲ್ಲಿ ಯಾವ ಜಾಗವೋ ಎಲೆಯ ಮುಂದೆಯೂ ಅದೇ ಜಾಗ. ಗೋಲಿಗೆ ಮೊದಲನೆಯ ಎಲೆ, ಬ್ಯಾಕುಗಳಿಗೆ ಎರಡು ಮತ್ತು ಮೂರು, ನಡುವಿನ ಸೆಂಟರ್ ಹಾಫಿಗೆ ಐದನೆಯದು. ಹನ್ನೊಂದೂ ಎಲೆಗೆ ಬಡಿಸುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಈ ಪದ್ಧತಿ ಹಾಕಿದವರು ನಮ್ಮ ಕಾಲದ ತಂಡದವರು. ಮೂರನೆಯ ಎಲೆ ನನ್ನದಾಗಿತ್ತು. ಇವತ್ತಿಗೂ ಅದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬುತ್ತಿತ್ತು ಎಂದು ತಿದ್ದಿಕೊಳ್ಳುತ್ತೇನೆ.

ಹನ್ನೊಂದು ಜನ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರಮ್ಮ, ನಿಮ್ಮ ಮಗನದು ಐದನೆಯ ಎಲೆ ಎಂದೆ. ತಾಯಮ್ಮ ನನ್ನ ಮುಖವನ್ನೇ ನೋಡಿದಳು. ಈ ಮನುಷ್ಯನಿಗೆ ತಲೆ ನೆಟ್ಟಗಿದೆಯೇ ಎಂದು ನೋಡುವ ನೋಟ ಅದು. ನನಗೆ ಆಗ ಅರ್ಥವಾಗಲಿಲ್ಲ. ಹುಟ್ಟಿದಾಗಿನಿಂದ ಯಾವ ಸಾಲಿನಿಂದಲೂ ಎಬ್ಬಿಸಿಕೊಳ್ಳದವನಿಗೆ ಅದು ಅರ್ಥವಾಗುವುದಾದರೂ ಹೇಗೆ?

ಅವಳು ಬೇಡ ಎನ್ನಲಿಲ್ಲ. ಮಗನ ಮುಖ ನೋಡಿ ಆಗಲಿ ಎಂದಳು.

ಮುನಿಸ್ವಾಮಿ ಕಾಲೇಜಿಗೆ ಸೇರಿದ. ಬೆಳಿಗ್ಗೆ ತರಗತಿ, ಸಂಜೆ ಪ್ರಾಕ್ಟೀಸು. ಹುಡುಗರು ಮೊದಲ ವಾರ ದೂರ ನಿಂತರು, ಎರಡನೆಯ ವಾರ ಅವನ ಹೆಗಲ ಮೇಲೆ ಕೈ ಹಾಕಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಇಂದಿನ ಹುಡುಗರು ಕೆಟ್ಟರು ಎಂದು ನನ್ನ ಹತ್ತಿರ ಯಾರೂ ಹೇಳಬೇಡಿ. ಕ್ಯಾಪ್ಟನ್ ರಾಮಚಂದ್ರನಂತೂ ಅವನಿಗೆ ತನ್ನ ಹಳೆಯ ಬೂಟು ಕೊಟ್ಟ. ಎರಡು ದಿನ ಬೊಬ್ಬೆ ಬಂದು ಮುನಿಸ್ವಾಮಿ ಕುಂಟಿದ, ಮೂರನೆಯ ದಿನಕ್ಕೆ ಬೂಟೂ ಅವನ ಮಾತು ಕೇಳತೊಡಗಿತು.

ಮೂರನೆಯ ವಾರ ಅದೇ ಪಲ್ಟನ್ನಿನ ಜೊತೆ ಇನ್ನೊಂದು ಸ್ನೇಹದ ಮ್ಯಾಚು. ಮ್ಯಾಚಿನ ದಿನ, ಆದ್ದರಿಂದ ಪಂಕ್ತಿ. ನನಗೂ ಕರೆ ಬಂದಿತ್ತು. ಮುನಿಸ್ವಾಮಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದ. ತಲೆಗೆ ಎಣ್ಣೆ, ಒಗೆದ ಬಿಳಿ ಷರಟು. ಕೈಕಾಲು ತೊಳೆದು ಬಂದು ಬಾಗಿಲ ಹತ್ತಿರ ನಿಂತ. ಎಲೆ ಹಾಕಿತ್ತು, ನೀರು ಇಟ್ಟಿತ್ತು.

ಅಡುಗೆ ಭಟ್ಟರು ಸೌಟು ಹಿಡಿದು ಒಳಬಾಗಿಲಲ್ಲಿ ನಿಂತವರು ಕದಲಲಿಲ್ಲ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳುವ ಅಗತ್ಯ ಏನಿದೆ? ಬಡಿಸುವವನು ನಿಂತರೆ ಎಲ್ಲವೂ ನಿಂತ ಹಾಗೆ.

ಆಗ ನಮ್ಮ ಕಾರ್ಯದರ್ಶಿಗಳು, ಅಂದರೆ ಆ ಗಳಿಗೆಯಲ್ಲಿ ವಾರ್ಡನ್ನರು, ಎದ್ದು ಬಂದು ಹುಡುಗನನ್ನು ಜಗುಲಿಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಬೆಣ್ಣೆಯ ಹಾಗೆ ಮಾತಾಡಿದರು. ನಿನ್ನ ಮನೆ ಇಲ್ಲೇ ಹತ್ತಿರ, ಪಾಪ, ಇಲ್ಲಿ ನಿನಗೂ ಮುಜುಗರ, ಮನೆಗೆ ಹೋಗಿ ಆರಾಮಾಗಿ ಊಟ ಮಾಡು, ತಂಡದ ಊಟವನ್ನು ಕ್ಯಾರಿಯರಿನಲ್ಲಿ ನಿನ್ನ ಮನೆಗೇ ಕಳಿಸುತ್ತೇನೆ ಎಂದರು. ಅವನು ಆಗಲಿ ಸಾರ್ ಎಂದ. ಹೋದ. ಹಿಂದೆಯೇ ಜವಾನನ ಕೈಯಲ್ಲಿ ಹಿತ್ತಾಳೆಯ ಕ್ಯಾರಿಯರ್ ಹೋಯಿತು.

ಭಟ್ಟರ ಸೌಟು ಓಡತೊಡಗಿತು. ಐದನೆಯ ಎಲೆ ಖಾಲಿ. ಅದನ್ನು ತೆಗೆಯುವ ಮರ್ಯಾದೆಯೂ ಯಾರಿಗೂ ತೋಚಲಿಲ್ಲ. ರಾಮಚಂದ್ರ ತಲೆ ತಗ್ಗಿಸಿ ಉಂಡ.

ನಾನು ಏನು ಮಾಡಿದೆ ಎಂದು ಕೇಳುತ್ತೀರಿ. ಕೇಳಬೇಕು. ನಾನು ಎದ್ದೆನೇ? ಇಲ್ಲ. ಅನ್ನ ಕಲಸಿದೆ, ಹುಳಿ ಸುರಿದೆ, ಉಂಡೆ. ಮೊಸರಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಂಡೆ. ಮ್ಯಾಚಿನ ದಿನ ಜಗಳ ಬೇಡ, ಹುಡುಗರ ಮನಸ್ಸು ಕೆಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಡುವುದು ಯಾವ ಹುಡುಗನ ಮನಸ್ಸು ಎಂದು ಯೋಚಿಸಲಿಲ್ಲ. ವಾರ್ಡನ್ನರ ಮೇಲೆ ಇಷ್ಟು ಬರೆಯುವ ನನ್ನ ಮೇಲೂ ಒಂದು ಪ್ಯಾರಾ ಇರಲಿ ಎಂದು ಇದನ್ನು ಬರೆದೆ.

ಅವತ್ತು ಸಂಜೆ ಮುನಿಸ್ವಾಮಿ ಆಡಿದ ಆಟವನ್ನು ನಾನು ಬಣ್ಣಿಸುವುದಿಲ್ಲ. ಏಳು ಗೋಲು ಹೊಡೆದಿದ್ದ ಪಲ್ಟನ್ನಿನವರು ಅವತ್ತು ಹೊಡೆದದ್ದು ಒಂದು. ನಾವೂ ಒಂದು ಹೊಡೆದೆವು. ಕಾರ್ಯದರ್ಶಿಗಳು ಖುಷಿಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತರು. ನೋಡಿದಿರಾ, ಎಲ್ಲ ಸರಿಹೋಯಿತು ಎಂದು ನನ್ನ ಬೆನ್ನು ತಟ್ಟಿದರು.

ಸರಿಹೋದದ್ದು ಎಷ್ಟು ಎಂದು ಮರುದಿನ ಗೊತ್ತಾಯಿತು.

ನಮ್ಮ ಹೆಂಗಸರು ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸು ಕಳಿಸುವುದಿಲ್ಲ. ಪಕ್ಕದ ಮನೆಯಿಂದ ಸಾರು ಬಂದರೆ ಆ ಬಟ್ಟಲಿನಲ್ಲಿ ಎರಡು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ, ನಮ್ಮ ಮನೆಯಲ್ಲೂ ಹೀಗೇ. ಮರ್ಫಿ ಟೌನಿನಲ್ಲಿ ಬೇರೆ ಎಂದುಕೊಂಡಿದ್ದೀರಾ? ತಾಯಮ್ಮ ಕ್ಯಾರಿಯರನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದ್ದಳು. ರೇಷನ್ ಅಕ್ಕಿಯಲ್ಲೇ ಉಳಿಸಿ, ಕುಟ್ಟಿ, ಬೆಲ್ಲದ ಪಾಕ ಹಿಡಿದು ಕಜ್ಜಾಯ ಸುಟ್ಟಿದ್ದಳು. ಆಟಗಾರರು ಹನ್ನೊಂದು, ಮೇಷ್ಟ್ರು ಒಬ್ಬರು ಎಂದು ಹನ್ನೆರಡು ಕಜ್ಜಾಯ. ಮುನಿಸ್ವಾಮಿ ಅದನ್ನು ತಂದು ಅಡುಗೆಮನೆಯ ಬಾಗಿಲಲ್ಲಿ ಹಿಡಿದ.

ಭಟ್ಟರು ಕೈ ನೀಡಲಿಲ್ಲ. ಹಿಂದಿನ ನಲ್ಲಿಯ ಹತ್ತಿರ ಇಟ್ಟು ಹೋಗು ಎಂದರಂತೆ. ಅವನು ಇಟ್ಟು ತರಗತಿಗೆ ಹೋದ.

ಸಂಜೆ ನಾನು ಪ್ರಾಕ್ಟೀಸು ನೋಡಲು ಹೋದಾಗ ಹಿತ್ತಲ ಗೋಡೆಯ ಮೇಲೆ ಕಾಗೆಗಳ ಸಂತೆ. ಕ್ಯಾರಿಯರಿನ ಮುಚ್ಚಳವನ್ನು ಕೋಲಿನಿಂದ ತೆಗೆದು, ಕೋಲಿನಿಂದಲೇ ಬಗ್ಗಿಸಿ ಸುರಿದಿದ್ದರು. ನೆಲದ ತುಂಬ ಕಜ್ಜಾಯ. ಭಟ್ಟರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ವಾರ್ಡನ್ನರ ಅಪ್ಪಣೆಯಾಗಿದೆ, ಇನ್ನು ಆ ಕ್ಯಾರಿಯರ್ ಒಳಗೆ ಬರುವ ಹಾಗಿಲ್ಲ, ಯಾರಿಗಾದರೂ ಕೊಟ್ಟುಬಿಡುವುದು ಎಂದರು. ಹುಳಿ ಕಾಯಿಸುತ್ತ ಹೇಳಿದರು, ತಿರುಗಿ ಕೂಡ ನೋಡದೆ.

ನಾನು ಹೊರಗೆ ಬಂದಾಗ ನಲ್ಲಿಯ ಹತ್ತಿರ ಮುನಿಸ್ವಾಮಿ ಕೂತಿದ್ದ. ಆಟದ ಚಡ್ಡಿ, ಬೂಟು. ಕ್ಯಾರಿಯರಿನ ಒಂದೊಂದೇ ಡಬ್ಬಿಯನ್ನು ತೊಳೆದು ಮಗುಚಿ ಇಡುತ್ತಿದ್ದ. ನನ್ನನ್ನು ನೋಡಿದ. ಡಬ್ಬಿಗಳನ್ನು ಜೋಡಿಸಿದ, ಬೂಟು ಬಿಚ್ಚಿ ಅಲ್ಲೇ ಗೋಡೆಗೆ ಒರಗಿಸಿದ, ಕ್ಯಾರಿಯರ್ ಹಿಡಿದು ಬರಿಗಾಲಲ್ಲಿ ಗೇಟು ದಾಟಿದ. ಏನೆಂದು ಕೂಗಲಿ?

ಎರಡು ದಿನ ಬಿಟ್ಟು ಮರ್ಫಿ ಟೌನಿಗೆ ಹೋದೆ. ಮುನಿಸ್ವಾಮಿ ಮನೆಯಲ್ಲಿರಲಿಲ್ಲ. ತಾಯಮ್ಮ ಕೂರಲು ಚಾಪೆ ಹಾಕಿದಳು, ನೀರು ಕೊಡಲಿಲ್ಲ. ಕೊಟ್ಟರೆ ಇವನು ಕುಡಿಯುತ್ತಾನೋ ಇಲ್ಲವೋ ಎಂಬ ಅನುಮಾನ ನಾನೇ ತಂದಿಟ್ಟದ್ದು. ಕೇಳಿ ಕುಡಿದೆ. ಅದರಿಂದ ಏನೂ ಬದಲಾಗಲಿಲ್ಲ. ಹುಡುಗನನ್ನು ಕಳಿಸಿ, ನಾನು ಮಾತಾಡಿ ಸರಿಮಾಡುತ್ತೇನೆ ಎಂದೆ.

"ಅವ್ರಪ್ಪ ದೊರೆಗಳಿಗೆ ಅಡ್ಗೆ ಮಾಡಿ ಹಾಕ್ದೋರು, ಮೇಷ್ಟ್ರೇ," ಎಂದಳು ತಾಯಮ್ಮ. "ದೊರೆಗಳು ಉಂಡ್ರು. ಒಂದಿನಾನೂ ಚೆಲ್ಲಲಿಲ್ಲ. ನಿಮ್ಮೋರಿಗೆ ಇವನ ಕಾಲು ಬೇಕು, ನನ್ ಕೈ ಬ್ಯಾಡ. ಬರೀ ಕಾಲು ಹೆಂಗ್ ಕಳ್ಸ್ಲಿ ನಾನು?"

ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಅವತ್ತು ಪಾಠ ಹೇಳಿಸಿಕೊಂಡು ಎದ್ದು ಬಂದೆ.

ಕಾರ್ಯದರ್ಶಿಗಳ ಹತ್ತಿರ ಜಗಳಕ್ಕೇ ಹೋದೆ. ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. ಕ್ಯಾರಿಯರ್ ಕಳಿಸಿದೆನಲ್ಲ, ಅದಕ್ಕಿಂತ ಇನ್ನೇನು ಮಾಡಲಿ, ಇಷ್ಟು ಸಣ್ಣ ವಿಷಯಕ್ಕೆ ತಂಡ ಬಿಡುವುದೇ ಎಂದರು. ಬಿಟ್ಟವನಿಗೆ ಫ್ರೀಶಿಪ್ ಇಲ್ಲ ಎಂದೂ ಹೇಳಿದರು. ಅದು ಆಟಗಾರನಿಗೆ ಕೊಟ್ಟ ಸೀಟಂತೆ, ಹುಡುಗನಿಗೆ ಕೊಟ್ಟದ್ದಲ್ಲವಂತೆ. ಆ ವಾರವೇ ಮುನಿಸ್ವಾಮಿಯ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಇದೇ ಕಾಲೇಜಿನಲ್ಲಿ, ಸ್ವಾತಂತ್ರ್ಯದ ಬಾವುಟ ಹಾರಿಸಿದ ದಿನ, ಇನ್ನು ಮೇಲು ಕೀಳು ಇಲ್ಲ ಎಂದು ಇವರೇ ಭಾಷಣ ಮಾಡಿದ್ದರು. ಅವತ್ತೂ ಚಪ್ಪಾಳೆ ತಟ್ಟಿದವರಲ್ಲಿ ನಾನಿದ್ದೆ. ನನ್ನ ಕೈಗೆ ಬೇರೆ ಕೆಲಸವೇ ಇಲ್ಲ ಎಂದು ಕಾಣುತ್ತದೆ.

ಲೀಗಿಗೆ ಹೆಸರು ಕೊಡುವ ದಿನ ಬಂತು. ಕಾರ್ಖಾನೆಯವರು ಅವನ ಹೆಸರು ಕೊಟ್ಟರು. ಅವರ ಕ್ಯಾಂಟೀನಿನಲ್ಲಿ ಯಾರೂ ಯಾರನ್ನೂ ಓರೆಗಣ್ಣಿಂದ ನೋಡುವುದಿಲ್ಲ ಎಂದು ನಾನು ಆಣೆ ಇಟ್ಟು ಹೇಳಲಾರೆ. ಆದರೆ ಅಲ್ಲಿ ಇರುವುದು ಒಂದೇ ಉದ್ದನೆಯ ಬೆಂಚು, ಗಂಟೆ ಹೊಡೆದಾಗ ಎಲ್ಲರೂ ಅದರ ಮೇಲೇ ಕೂರಬೇಕು. ನಮ್ಮ ವಿದ್ಯಾವಂತರಿಗೆ ಒಂದು ಬೆಂಚಿನಷ್ಟು ಬುದ್ಧಿ ಬೇಡವೇ?

ಈಗ ಹೇಳಿ, ಕಳೆದ ಶನಿವಾರ ಆ ಪಕ್ಕದ ಕುರ್ಚಿಯ ಪ್ರಶ್ನೆ ಕೇಳಿ ನನ್ನ ಮೈ ಉರಿದದ್ದು ತಪ್ಪೇ? ಎಲ್ಲಿಂದ ಹಿಡಿದು ತಂದರು ಎಂದರೆ ಏನು ಹೇಳಲಿ? ನಿಮ್ಮ ಜಗುಲಿಯಿಂದ ಎಂದೆ. ಅವರಿಗೆ ಕೇಳಿಸಲಿಲ್ಲ, ಅಷ್ಟರಲ್ಲಿ ಮೂರನೆಯ ಗೋಲು ಬಿದ್ದಿತ್ತು.

ಆಟ ಮುಗಿದ ಮೇಲೆ ಮುನಿಸ್ವಾಮಿ ನನ್ನನ್ನು ಹುಡುಕಿಕೊಂಡು ಬಂದ. ಕೈಗಳಲ್ಲಿ ಕಾರ್ಖಾನೆಯ ಎಣ್ಣೆಯ ಕಪ್ಪು, ಉಗುರಿನ ಸಂದಿಯವರೆಗೆ. ಆರಾಮಾಗಿದ್ದೇನೆ, ಅಮ್ಮನೂ ಚೆನ್ನಾಗಿದ್ದಾಳೆ ಎಂದ. ಹೊರಡುವಾಗ ತಡೆದು ಕೇಳಿದ:

"ಕಾಲೇಜ್ ಲೈಬ್ರರಿದು ಒಂದ್ ಹಿಸ್ಟರಿ ಪುಸ್ತಕ ನನ್ ಹತ್ರಾನೇ ಉಳ್ದ್‌ಬಿಟ್ಟಿದೆ, ಮೇಷ್ಟ್ರೇ. ಇನ್ನೂ ಅರ್ಧಾನೇ ಓದಿರೋದು. ಮುಗಿಸಿ ಕೊಡ್ಬಹುದಾ, ಈಗ್ಲೇ ಕೊಟ್ಬಿಡ್ಬೇಕಾ?"

ಮುಗಿಸಿ ಕೊಡಪ್ಪಾ ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಕಷ್ಟವಾಯಿತು ಎಂದು ಬರೆಯಲು ಹೋಗುವುದಿಲ್ಲ. ನಮ್ಮ ಸ್ಕೂಲಿನಲ್ಲಿ ಮೇಷ್ಟ್ರಾಗಬೇಕಾಗಿದ್ದವನು ಅರ (ಕಬ್ಬಿಣ ಉಜ್ಜುವ ಆ ಅರ) ಹಿಡಿದು ನಿಂತಿದ್ದಾನೆ. ಅರ ಹಿಡಿಯುವುದು ಕೀಳು ಕೆಲಸವಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ.

ನಿನ್ನೆ ಕಾಲೇಜಿನ ಜವಾನ ಒಂದು ಚೀಟಿ ತಂದುಕೊಟ್ಟ. ಕಾರ್ಯದರ್ಶಿಗಳ ಅಕ್ಷರ. ಲೀಗಿನಲ್ಲಿ ಇನ್ನೂ ಐದು ಮ್ಯಾಚು ಉಳಿದಿವೆಯಂತೆ, ತಂಡ ಮತ್ತೆ ಕೆಳಕ್ಕೆ ಬಿದ್ದರೆ ಕಾಲೇಜಿನ ಮಾನ ಹೋಗುತ್ತದಂತೆ. ತಮಗೆ ಆ ಕಡೆಯ ಜನ ಚೆನ್ನಾಗಿ ಪರಿಚಯ, ದಯವಿಟ್ಟು ಇನ್ನೊಬ್ಬ ಸೆಂಟರ್ ಹಾಫನ್ನು ಕರೆತರಬೇಕು ಎಂದು ಬರೆದಿದ್ದಾರೆ.

ಬರೆದ ಚೀಟಿಗೆ ಉತ್ತರ ಈ ಪುಟದಲ್ಲೇ ಕೊಡುತ್ತಿದ್ದೇನೆ, ಹತ್ತು ಜನ ಓದಲಿ ಎಂದು. ಮರ್ಫಿ ಟೌನಿನಲ್ಲಿ, ಹಲಸೂರಿನಲ್ಲಿ, ದೊಮ್ಮಲೂರಿನಲ್ಲಿ ಆಟಗಾರರು ಬೇಕಾದಷ್ಟು ಇದ್ದಾರೆ, ಸ್ವಾಮಿ. ಕರೆತಂದವನನ್ನು ಊಟಕ್ಕೆ ಎಲ್ಲಿ ಕೂರಿಸುತ್ತೀರಿ ಎಂದು ಮೊದಲು ಬರೆದು, ಕೆಳಗೆ ಸಹಿ ಹಾಕಿ ಕಳಿಸಿ. ನಾನು ಆಮೇಲೆ ಚಪ್ಪಲಿ ಮೆಟ್ಟುತ್ತೇನೆ.